ಪಾಠಶಾಲೆಗೆ ಬಂದ ಕಲಾವಿದರು: ಪಂಜೆ ಮಂಗೇಶರಾಯರು

ಕಲೆಯು ಪಾಠಶಾಲೆಗೆ ವರ್ಷಕ್ಕೊಮ್ಮೆ ಬರುವ ಅತಿಥಿಯೆಂದೇ ನಮ್ಮಲ್ಲಿ ಬಹುಮಂದಿ ಭಾವಿಸಿರುವರು. ವಾರ್ಷಿಕೋತ್ಸವದ ದಿನ ಸಂಗೀತಗಾರರನ್ನೋ ಭಾಗವತರನ್ನೋ ಕರೆಯಿಸಿ, ಹಾರ ಹಾಕಿ ಕಳುಹಿಸಿಕೊಟ್ಟರೆ ಕರ್ತವ್ಯವು ಮುಗಿಯಿತು. ಮರುದಿನ ಭೂಗೋಳವು ಹೆಸರುಗಳ ಪಟ್ಟಿಯಾಗಿಯೂ, ಚರಿತ್ರೆಯು ಇಸವಿಗಳ ಸರಣಿಯಾಗಿಯೂ ಎಂದಿನಂತೆ ಮುಂದುವರಿಯುತ್ತವೆ. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನಂತಹ ಹೋಬಳಿಗಳ ಶಾಲೆಗಳಿಗೆ ಕಲಾವಿದರನ್ನು ಬರಮಾಡಿಕೊಂಡು, ಅವರ ವಿದ್ಯೆಯನ್ನು ನಿತ್ಯದ ಪಾಠಗಳೊಡನೆ ಹೆಣೆಯಬೇಕೆಂದು ನಾವು ಹೇಳಿದರೆ, ಇದೊಂದು ಹೊಸ ಶೋಕಿಯೆಂದು ಕೆಲವರು ನಗಬಹುದು. ಅಂತಹವರು ದಿವಂಗತ ಪಂಜೆ ಮಂಗೇಶರಾಯರ ಜೀವನವನ್ನು ಒಮ್ಮೆ ಅವಲೋಕಿಸಬೇಕೆಂದು ನಮ್ಮ ಬಿನ್ನಹ.

ಮಂಗೇಶರಾಯರು 1874ನೆಯ ಇಸವಿ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ಬಡತನದಲ್ಲಿಯೇ ಬೆಳೆದು, ಮಂಗಳೂರಿನಲ್ಲಿ ವ್ಯಾಸಂಗಮಾಡಿ, 1896ರಲ್ಲಿ ಅಲ್ಲಿಯ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. 1900ರಲ್ಲಿ 'ಸುವಾಸಿನಿ' ಪತ್ರಿಕೆಯಲ್ಲಿ ಅವರು ಬರೆದ ಕಥೆಯು ಕನ್ನಡದ ಸಣ್ಣಕಥೆಗಳಲ್ಲಿ ಮೊದಲನೆಯದೆಂದು ಅನೇಕ ವಿದ್ವಾಂಸರ ಮತ. ಆದರೆ ನಮಗೆ ಇಲ್ಲಿ ಪ್ರಸ್ತುತವಾದುದು ಅವರ ಸಾಹಿತ್ಯಕೀರ್ತಿಯಲ್ಲ, ಅವರ ಉದ್ಯೋಗ. ಅವರು ಮುಂದೆ ಶಾಲೆಗಳ ಇನ್‌ಸ್ಪೆಕ್ಟರರಾದರು.

ಇನ್‌ಸ್ಪೆಕ್ಟರರು ಬರುವರೆಂದರೆ ಉಪಾಧ್ಯಾಯರಿಗೆ ನಡುಕವೂ ಮಕ್ಕಳಿಗೆ ಮೌನವೂ ಆವರಿಸುತ್ತಿದ್ದ ಕಾಲವದು. ಪಂಜೆಯವರಾದರೋ ತರಗತಿಯೊಳಗೆ ಕಾಲಿಟ್ಟು ಕಥೆ ಹೇಳಿದರು, ಹಾಡಿದರು, ಅಭಿನಯಿಸಿದರು. ಪರೀಕ್ಷಾಧಿಕಾರಿಯ ವೇಷದಲ್ಲಿ ಊರೂರಿಗೆ ಕಲಾವಿದನೊಬ್ಬನು ಬಂದಂತಾಯಿತು. ಹಳಗನ್ನಡದ ಕಠಿಣ ಪದ್ಯಗಳನ್ನು ಅರ್ಥವರಿಯದೆ ಉರುಹೊಡೆಯುತ್ತಿದ್ದ ಮಕ್ಕಳಿಗೆ, ತಮ್ಮ ಬಾಯಿಗೆ ಹೊಂದುವ ನುಡಿಯೂ ಕಾಲಿಗೆ ಹೊಂದುವ ತಾಳವೂ ದೊರೆತುವು.

ಅವರ ಹಾಡುಗಳು ಪಾಠದಿಂದ ಬಿಡುವು ಕೊಡುವುದಕ್ಕಾಗಿ ಹುಟ್ಟಿದವಲ್ಲ. ಪಾಠವೇ ಹಾಡಾಗಿ ಬಂದಿತು. ತೆಂಕಣ ಗಾಳಿಯ ಮೇಲಿನ ಪದ್ಯವನ್ನು ಹಾಡಿದ ಹುಡುಗನಿಗೆ ಕರಾವಳಿಯ ಗಾಳಿಯು ಕಿವಿಯಲ್ಲಿಯೇ ಭೋರ್ಗರೆಯುವುದು. ಕೋಟಿ ಚೆನ್ನಯರ ಕಥೆಯನ್ನು ಅವರು ತುಳು ಜನರ ಪಾಡ್ದನಗಳಿಂದ ಎತ್ತಿಕೊಂಡು ಕನ್ನಡದ ಮಕ್ಕಳ ಕೈಗಿತ್ತರು. ತಮ್ಮ ನಾಡಿಗೂ ವೀರರಿದ್ದರೆಂಬ ಅರಿವು ಮಕ್ಕಳಿಗೆ ಅಲ್ಲಿಂದ ದೊರೆಯಿತು. ಮಡಿಕೇರಿಯ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯರಾಗಿ ಹೋದಾಗ, ಕೊಡಗಿನ ಬೆಟ್ಟಗಳನ್ನೂ ಕಾವೇರಿಯನ್ನೂ ಸುಗ್ಗಿಯ ಹಬ್ಬವನ್ನೂ ಹುತ್ತರಿಯ ಹಾಡಿನಲ್ಲಿ ಒಂದುಗೂಡಿಸಿದರು. ಪರಸ್ಥಳದಿಂದ ಬಂದವರು ಆ ನಾಡಿನ ಮಕ್ಕಳಿಗೆ ಅವರ ನಾಡನ್ನೇ ತೋರಿಸಿಕೊಟ್ಟರು.

ಒಬ್ಬರಿಂದ ಆಗುವ ಕಾರ್ಯವಿದಲ್ಲವೆಂದು ತಿಳಿದು ಮಿತ್ರರೊಡಗೂಡಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಅವರು ಕಾಲವಶರಾದರು.

ಕೊಡಗಿನ ಎಲ್ಲೆಯನ್ನು ದಾಟಿದರೆ ನಮ್ಮ ಅರಕಲಗೂಡು ತಾಲ್ಲೂಕು. ಅಲ್ಲಿ ಕಾವೇರಿಯ ದಡದ ರುದ್ರಪಟ್ಟಣವು ತಲೆತಲಾಂತರದಿಂದ ಸಂಗೀತ ವಿದ್ವಾಂಸರ ತವರು. ಮೂಡಲಪಾಯದ ಭಾಗವತರ ಪರಂಪರೆಯೂ ಹಾಸನದ ಸೀಮೆಗೆ ಹೊಸದಲ್ಲ. ಹಳ್ಳಿಮೈಸೂರಿನ ಮಕ್ಕಳಿಗೆ ಈ ಸಂಪತ್ತು ನೆರೆಮನೆಯ ದೀಪ. ಆದರೆ ಅದರ ಬೆಳಕು ಪಾಠದ ಕೊಠಡಿಯನ್ನು ಹೊಗಬೇಡವೆ?

ಪರೀಕ್ಷೆಯ ಕಾಲವು ಹಾಳಾಗುವುದೆಂಬುದು ಪ್ರಬಲವಾದ ಆಕ್ಷೇಪಣೆ. ಉಪಾಧ್ಯಾಯರ ಮೇಲಿನ ಹೊರೆಯನ್ನು ಬಲ್ಲ ನಾವು ಇದನ್ನು ಹಗುರವಾಗಿ ತಳ್ಳಿಹಾಕಲಾರೆವು. ಆದರೂ ಒಂದು ದೃಷ್ಟಾಂತವನ್ನು ನೋಡಿರಿ. ಆದಿತಾಳಕ್ಕೆ ಎಂಟು ಅಕ್ಷರ, ರೂಪಕಕ್ಕೆ ಆರು. ವಿದ್ವಾಂಸರೊಬ್ಬರು ತರಗತಿಯನ್ನು ಎರಡು ಪಾಲುಮಾಡಿ ಎರಡು ತಾಳಗಳನ್ನೂ ಒಮ್ಮೆಗೇ ಹಾಕಿಸಿದರೆ, ಇಪ್ಪತ್ತನಾಲ್ಕು ಅಕ್ಷರಗಳು ಮುಗಿದಾಗ ಇಬ್ಬರೂ ಮತ್ತೆ ಒಟ್ಟಿಗೆ ಮೊದಲ ಪೆಟ್ಟಿಗೆ ಬರುವರು. ಲಘುತಮ ಸಾಮಾನ್ಯ ಅಪವರ್ತ್ಯವೆಂಬ ಬೆದರುಗೊಂಬೆಯು ಅಂಗೈಯಲ್ಲಿಯೇ ಕರಗಿಹೋಗುವುದು. ಇಲ್ಲಿ ಹಾಳಾದ ಕಾಲವೆಷ್ಟು? ಕಲಾವಿದರು ಬರುವುದಕ್ಕೆ ಮುಂಚೆ ಉಪಾಧ್ಯಾಯರೂ ಅವರೂ ಕುಳಿತು, ಯಾವ ಪಾಠಕ್ಕೆ ಯಾವ ಕಲೆಯೆಂದು ನಿಶ್ಚಯಿಸಿಕೊಂಡರೆ ಸಾಕು. ಬಂದವರಿಗೆ ಹಾರದೊಡನೆ ಯೋಗ್ಯ ಸಂಭಾವನೆಯೂ ಸಲ್ಲಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆಯೊಡನೆ ಕಲಿಕೆಯನ್ನು ಬೆಸೆಯಬೇಕೆಂದು ಹೇಳಿತು. ಪಂಜೆಯವರು ಅದಕ್ಕೆ ಒಂದು ಶತಮಾನ ಮುಂಚೆಯೇ, ಪರರ ಆಳ್ವಿಕೆಯಲ್ಲಿ, ಒಬ್ಬ ಸರ್ಕಾರಿ ನೌಕರರಾಗಿದ್ದುಕೊಂಡೇ ಅದನ್ನು ಮಾಡಿದರು. ಸುತ್ತೋಲೆಗಾಗಿ ಅವರು ಕಾದು ಕುಳಿತುಕೊಳ್ಳಲಿಲ್ಲ. ಅಧಿಕಾರದಲ್ಲಿರುವ ನಮ್ಮ ವಾಚಕರು ಈ ಅಂಶವನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ತನ್ನ ನಾಡಿನ ಹಾಡನ್ನು ಶಾಲೆಯ ಹೊರಗೆ ಬಿಟ್ಟುಬಂದ ಮಗುವು ಬೆಳೆದ ಮೇಲೆ ನಾಡನ್ನೂ ಹೊರಗೆ ಬಿಡುವುದು. ಆ ನಷ್ಟವನ್ನು ಯಾವ ಪರೀಕ್ಷೆಯ ಅಂಕಗಳೂ ತುಂಬಿಕೊಡಲಾರವು.