ಓದುಗರನ್ನರಸಿ ಹೊರಟ ಗ್ರಂಥಪಾಲ

ನಮ್ಮ ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ತೆಂಗಿನಕಾಯಿಯನ್ನು ವರ್ಷಕಾಲ ಅಟ್ಟದ ಮೇಲಿರಿಸಿದರೆ ಅದು ಕೊಬ್ಬರಿಯಾಗಿ ಬೆಲೆ ಪಡೆಯುತ್ತದೆ. ಪುಸ್ತಕವನ್ನು ಹಾಗೆ ಇರಿಸಿದರೆ ಧೂಳು ಹಿಡಿಯುವುದೇ ಹೊರತು ಬೆಲೆ ಏರದು. ಈ ಸರಳ ಸತ್ಯವನ್ನು ನಾಡಿಗೆ ಮನಗಾಣಿಸಿದ ಮಹನೀಯರು ಡಾ. ಎಸ್. ಆರ್. ರಂಗನಾಥನ್ ಅವರು.

1892ರ ಆಗಸ್ಟ್‌ನಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದ ರಂಗನಾಥನ್ ಗಣಿತದಲ್ಲಿ ಎಂ. ಎ. ಮುಗಿಸಿ, 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾದರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರಾದರೂ, ಜನರಿಲ್ಲದ ಆ ಪುಸ್ತಕಶಾಲೆಯ ಏಕಾಂತವನ್ನು ಸಹಿಸಲಾರದೆ ಕೆಲವೇ ದಿನಗಳಲ್ಲಿ ಕಾಲೇಜಿಗೆ ಮರಳಲು ಬಯಸಿದರು. ಅದೇ ವರ್ಷ ತರಬೇತಿಗಾಗಿ ಲಂಡನ್ನಿಗೆ ಹೋದಾಗ, ಅಲ್ಲಿನ ಗ್ರಂಥಾಲಯಗಳಿಗೆ ಮಕ್ಕಳೂ ಕಾರ್ಮಿಕರೂ ಗೃಹಿಣಿಯರೂ ಸಲುಗೆಯಿಂದ ಬಂದುಹೋಗುವುದನ್ನು ಕಂಡು ಅವರ ಮನಸ್ಸು ಬದಲಾಯಿತು. ಆ ಬದಲಾವಣೆಯೇ ಅವರ ಬಾಳಿನ ತಿರುವು.

1925ರಲ್ಲಿ ಹಿಂದಿರುಗಿದವರೇ ಬೀಗ ಹಾಕಿದ್ದ ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು. ಗ್ರಂಥಾಲಯದ ವೇಳೆಯನ್ನು ಹೆಚ್ಚಿಸಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವು ಸ್ಥಾಪನೆಯಾಗಲು ಶ್ರಮಿಸಿದರು. 1931ರಲ್ಲಿ ಮನ್ನಾರ್‌ಗುಡಿಯಿಂದ ಎತ್ತಿನ ಗಾಡಿಯೊಂದು ಪುಸ್ತಕ ಹೊತ್ತು ಹಳ್ಳಿಗಳಿಗೆ ಹೊರಟಿತು. ಓದುಗ ಬರಲಾರದಿದ್ದರೆ ಪುಸ್ತಕವೇ ಅವನ ಬಾಗಿಲಿಗೆ ಹೋಗಬೇಕೆಂಬ ಅವರ ನಿಲುವಿಗೆ ಆ ಗಾಡಿಯೇ ಸಾಕ್ಷಿ. ಅದೇ ವರ್ಷ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳು ಪ್ರಕಟವಾದವು. 1933ರಲ್ಲಿ ಅವರ ವರ್ಗೀಕರಣ ಪದ್ಧತಿ ಹೊರಬಂದಿತು.

ಮುಪ್ಪಿನಲ್ಲಿ ಅವರು ಬೆಂಗಳೂರನ್ನೇ ನೆಲೆಯಾಗಿಸಿಕೊಂಡರು. ಅಲ್ಲಿ 1962ರಲ್ಲಿ ಸ್ಥಾಪಿಸಿದ ತರಬೇತಿ ಕೇಂದ್ರದಲ್ಲಿ, ಸಂಶೋಧಕರಿಗೂ ಕೈಗಾರಿಕೆಗಳಿಗೂ ಬೇಕಾದ ವಿಷಯವನ್ನು ಹುಡುಕಿ ಒದಗಿಸುವ ಗ್ರಂಥಪಾಲರು ಸಿದ್ಧರಾದರು. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆಯೂ ಅವರ ಮಾರ್ಗದರ್ಶನವಿತ್ತು. ತಾವು ಉಳಿಸಿದ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ಶಾಸ್ತ್ರದ ಪೀಠಕ್ಕೆಂದು ಅರ್ಪಿಸಿದ ತ್ಯಾಗಿ ಅವರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ದಿವಂಗತರಾದರು.

ಸಹಪಾಠಿಗಳೇ, ನುಸಿಪೀಡೆಯಿಂದ ತೋಟ ಸೊರಗುತ್ತಿರುವ ರೈತ, ನಾರಿನ ಹುರಿ ಹೊಸೆದು ಮಾರಲೆಣಿಸುವ ಹೆಣ್ಣುಮಗಳು, ಕೊಬ್ಬರಿಯ ವ್ಯಾಪಾರಕ್ಕಿಳಿಯುವ ತರುಣ ಇವರೆಲ್ಲರೂ ನಮ್ಮ ಮನೆಯವರೇ. ಅವರಿಗೆ ಬೇಕಾದ ತಿಳಿವಳಿಕೆ ಪುಸ್ತಕಗಳಲ್ಲಿದೆ. ಅದನ್ನು ಅವರಿಗೆ ಮುಟ್ಟಿಸುವವರು ಬೇಕು. ಪರೀಕ್ಷೆಯ ಪುಸ್ತಕದ ಜೊತೆಗೆ ತಂದೆಯ ತೋಟಕ್ಕೋ ತಾಯಿಯ ಕಸುಬಿಗೋ ನೆರವಾಗುವ ಇನ್ನೊಂದು ಪುಸ್ತಕವನ್ನು ಮನೆಗೆ ಒಯ್ದು ಓದಿ ಹೇಳಿದರೆ, ಮನ್ನಾರ್‌ಗುಡಿಯ ಆ ಗಾಡಿ ನಮ್ಮೂರಿಗೂ ಬಂದಂತೆಯೇ ಸರಿ.