ಮಿರ್ಜಾ ಗಾಲಿಬ್: ಮಿತ್ರರು ಉಳಿಸಿಕೊಟ್ಟ ಪತ್ರಗಳು

ಮಿರ್ಜಾ ಗಾಲಿಬರ ಹೆಸರನ್ನು ಕೇಳದವರು ವಿರಳ. ಉರ್ದು ಓದಲು ಬಾರದವರೂ ಅವರ ಗಜಲ್‌ಗಳನ್ನು ಗುನುಗುತ್ತಾರೆ. ಆದರೆ ಗದ್ಯದಲ್ಲಿ ಅವರಿಗೆ ಅಷ್ಟೇ ಕೀರ್ತಿ ತಂದುಕೊಟ್ಟದ್ದು ಮಿತ್ರರಿಗೆ ಬರೆದ ಪತ್ರಗಳು. ಆ ಪತ್ರಗಳು ಹೇಗೆ ಉಳಿದವು ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಗೊತ್ತಿರಲಾರದು.

ಗಾಲಿಬರ ಪೂರ್ಣ ಹೆಸರು ಮಿರ್ಜಾ ಅಸದುಲ್ಲಾ ಬೇಗ್ ಖಾನ್. 1797ರ ಡಿಸೆಂಬರ್ 27ರಂದು ಆಗ್ರಾ ನಗರದಲ್ಲಿ ಜನಿಸಿದರು. ಐದಾರು ವರ್ಷದ ಬಾಲಕನಾಗಿದ್ದಾಗಲೇ ತಂದೆ ಯುದ್ಧದಲ್ಲಿ ಮಡಿದರು. ಸಾಕುತ್ತಿದ್ದ ಚಿಕ್ಕಪ್ಪ ನಸ್ರುಲ್ಲಾ ಬೇಗ್ ಖಾನ್ 1806ರಲ್ಲಿ ತೀರಿಕೊಂಡರು. 13ನೇ ವಯಸ್ಸಿನಲ್ಲಿ ಉಮ್ರಾವ್ ಬೇಗಂ ಅವರೊಂದಿಗೆ ನಿಕಾಹ್ ಆಯಿತು. ಮುಂದೆ ದಿಲ್ಲಿಯಲ್ಲಿ ನೆಲೆಸಿದರು. ಹುಟ್ಟಿದ ಏಳು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಚಿಕ್ಕಪ್ಪನ ಸೇವೆಗಾಗಿ ಕುಟುಂಬಕ್ಕೆ ಸಲ್ಲಬೇಕಾದ ಪಿಂಚಣಿ ಪೂರ್ತಿ ಸಿಗುತ್ತಿಲ್ಲವೆಂದು ದೂರು ಕೊಡಲು 1828ರಲ್ಲಿ ಕಲ್ಕತ್ತೆಯವರೆಗೂ ಹೋದರು. ವರ್ಷಗಟ್ಟಲೆ ಅಲೆದರೂ ಮೊಕದ್ದಮೆ ಗೆಲ್ಲಲಿಲ್ಲ. ಜೀವನದುದ್ದಕ್ಕೂ ಅವರಿದ್ದದ್ದು ಬಾಡಿಗೆ ಮನೆಗಳಲ್ಲಿ.

1841ರಲ್ಲಿ ಅವರ ಉರ್ದು ದೀವಾನ್ ಮೊದಲ ಬಾರಿಗೆ ಅಚ್ಚಾಯಿತು. 1850ರಲ್ಲಿ ಬಾದಷಹ ಬಹದ್ದೂರ್ ಷಾ ಜಫರ್ ಅವರಿಗೆ ಬಿರುದುಗಳನ್ನಿತ್ತು ಮೊಗಲ್ ವಂಶದ ಇತಿಹಾಸ ಬರೆಯಲು ನೇಮಿಸಿದರು. 1854ರಲ್ಲಿ ಕವಿ ಜೌಕ್ ನಿಧನರಾದ ಮೇಲೆ ಗಾಲಿಬರು ಬಾದಷಹರ ಕಾವ್ಯಗುರುವಾದರು.

ಇಷ್ಟು ದೊಡ್ಡ ಕವಿ ತಮ್ಮ ಕವಿತೆಗಳ ಪ್ರತಿಗಳನ್ನು ತಮ್ಮಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ನವಾಬ್ ಜಿಯಾವುದ್ದೀನ್ ಅಹಮದ್ ಖಾನ್ ಮತ್ತು ಹುಸೇನ್ ಮಿರ್ಜಾ ಎಂಬ ಇಬ್ಬರು ಆಪ್ತರು ಅವನ್ನು ಸಂಗ್ರಹಿಸಿ ತಮ್ಮ ಗ್ರಂಥಭಂಡಾರಗಳಲ್ಲಿ ಇಡುತ್ತಿದ್ದರು. 1857ರ ದಂಗೆಯಲ್ಲಿ ಆ ಎರಡೂ ಮನೆಗಳು ಲೂಟಿಯಾದವು. ಪುಸ್ತಕಗಳೆಲ್ಲ ನಾಶವಾದವು. ಅದೇ ವರ್ಷ ಗಾಲಿಬರ ತಮ್ಮ ಯೂಸುಫ್ ಕೂಡ ತೀರಿಕೊಂಡರು. ಇದಾದ ಮೇಲೆ ಒಮ್ಮೆ ಒಬ್ಬ ಫಕೀರ, ಎಲ್ಲಿಂದಲೋ ಬರೆಸಿಕೊಂಡು ಬಂದಿದ್ದ ಗಾಲಿಬರದೇ ಒಂದು ಗಜಲನ್ನು ಅವರಿಗೆ ತೋರಿಸಿದ. ಆ ಕಾಗದವನ್ನು ಕಂಡು ತಮಗೆ ಅಳು ಬಂತೆಂದು ಗಾಲಿಬರು ಮಿತ್ರರೊಬ್ಬರಿಗೆ ಪತ್ರ ಬರೆದರು. ತಾವು ಬರೆದದ್ದನ್ನು ತಾವೇ ಭಿಕ್ಷುಕನ ಕೈಯಲ್ಲಿ ನೋಡಬೇಕಾದ ಸ್ಥಿತಿ ಅದು!

ಆದರೆ ಪತ್ರಗಳ ವಿಷಯ ಬೇರೆ. ಅವು ಒಂದೇ ಕಡೆ ಇರಲಿಲ್ಲ. ಊರೂರಿನ ಮಿತ್ರರ ಮನೆಗಳಲ್ಲಿದ್ದವು. ಸಿಕಂದರಾಬಾದಿನ ಮುನ್ಷಿ ಹರಗೋಪಾಲ್ ತಫ್ತಾ ಅವರ ಪ್ರಿಯ ಶಿಷ್ಯ. ಮೀರ್ ಮಹದಿ ಮಜ್ರೂಹ್ ಇನ್ನೊಬ್ಬರು. ಇವರೆಲ್ಲ ಗುರುಗಳ ಪತ್ರಗಳನ್ನು ಜೋಪಾನವಾಗಿಟ್ಟರು. ಆ ಪತ್ರಗಳಲ್ಲಿ ಹಾಳಾದ ದಿಲ್ಲಿಯ ಚಿತ್ರವಿದೆ, ಕೆಡವಿದ ಮನೆಗಳ ಸುದ್ದಿಯಿದೆ, ಮಳೆಗೆ ಸೋರುವ ಸೂರಿನ ಗೋಳಿದೆ. 1862ರಲ್ಲಿ ಜಾಮಾ ಮಸೀದಿ ಮತ್ತೆ ಮುಸ್ಲಿಮರ ಕೈಗೆ ಬಂದ ಮೇಲೆ ಅದರ ಮೆಟ್ಟಿಲುಗಳಲ್ಲಿ ಕಬಾಬಿನ ಅಂಗಡಿಗಳು ತೆರೆದ ವಿಷಯವೂ ಇದೆ. ಎದುರಿಗೆ ಕುಳಿತು ಮಾತನಾಡಿದಂತಹ ಈ ಶೈಲಿಯೇ ಉರ್ದು ಗದ್ಯಕ್ಕೆ ಹೊಸ ದಾರಿ ತೋರಿಸಿತು.

1858ರಲ್ಲಿ ತಫ್ತಾ ಮತ್ತು ಆಗ್ರಾದ ಮುದ್ರಕ ಶಿವನಾರಾಯಣ್ ಆರಾಮ್ ಈ ಪತ್ರಗಳನ್ನು ಅಚ್ಚು ಹಾಕಿಸಲು ಬಯಸಿದಾಗ ಗಾಲಿಬರು ಒಪ್ಪಲಿಲ್ಲ. ಮನಸ್ಸಿಟ್ಟು ಬರೆದ ಪತ್ರಗಳು ಕೆಲವೇ, ಉಳಿದವು ಸುಮ್ಮನೆ ಗೀಚಿದವು ಎಂಬುದು ಅವರ ಭಾವನೆ. ಮಿತ್ರರು ಬಿಡಲಿಲ್ಲ. ಕೊನೆಗೆ 1868ರ ಅಕ್ಟೋಬರಿನಲ್ಲಿ ಮೀರತ್‌ನಿಂದ 'ಊದೆ ಹಿಂದಿ' ಎಂಬ ಸಂಕಲನ ಹೊರಬಂತು. ಎರಡನೆಯ ಸಂಕಲನ 'ಉರ್ದೂಎ ಮುಅಲ್ಲಾ' 1869ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಪ್ರಕಟವಾಯಿತು. ಅದನ್ನು ನೋಡಲು ಗಾಲಿಬರಿರಲಿಲ್ಲ. ಫೆಬ್ರವರಿ 15ರಂದೇ ಅವರು ಇಹಲೋಕ ತ್ಯಜಿಸಿದ್ದರು. ದಿಲ್ಲಿಯ ನಿಜಾಮುದ್ದೀನ್‌ನಲ್ಲಿ ಅವರ ಸಮಾಧಿಯಿದೆ.

ರಾಮ್‌ಪುರದ ನವಾಬರು 1859ರಿಂದ ಗಾಲಿಬರಿಗೆ ತಿಂಗಳಿಗೆ 100 ರೂಪಾಯಿ ಕೊಡುತ್ತಿದ್ದರು. ಅವರಿಗೆ ಗಾಲಿಬರು ಬರೆದ ಪತ್ರಗಳು ಸಂಸ್ಥಾನದ ದಫ್ತರದಲ್ಲಿ ಭದ್ರವಾಗಿದ್ದವು. ಅಲ್ಲಿನ ಗ್ರಂಥಪಾಲಕರಾಗಿದ್ದ ಇಮ್ತಿಯಾಜ್ ಅಲಿ ಅರ್ಷಿ ಅವನ್ನು 1937ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನಾವಿಂದು ಗಾಲಿಬರನ್ನು ಮನುಷ್ಯರಾಗಿ ಬಲ್ಲೆವಾದರೆ ಅದಕ್ಕೆ ಕಾಗದ ಕಾಪಾಡಿದ ಇಂಥ ಕೈಗಳೇ ಕಾರಣ.

ನಮ್ಮ ಮನೆಗಳಲ್ಲೂ ಅಜ್ಜ, ಮುತ್ತಜ್ಜಂದಿರ ಟ್ರಂಕುಗಳಿವೆ. ಅವುಗಳಲ್ಲಿ ಉರ್ದು ಪತ್ರಗಳು, ನಿಕಾಹ್‌ನಾಮೆಗಳು, ಲೆಕ್ಕದ ಪುಸ್ತಕಗಳಿರುತ್ತವೆ. ಓದಲು ಬಾರದ ಮಕ್ಕಳು ಅವನ್ನು ರದ್ದಿಗೆ ಹಾಕುತ್ತಾರೆ. ಮೇಲೆ ಬಿಸ್ಮಿಲ್ಲಾ ಎಂದಿದ್ದರೆ ಹಿರಿಯರು ಅದಬ್‌ನಿಂದ ಬಾವಿಗೋ ಹೊಳೆಗೋ ಬಿಡುತ್ತಾರೆ. ಅದಬ್ ಸರಿಯೇ, ಆದರೆ ಬಿಡುವ ಮೊದಲು ಒಮ್ಮೆ ಓದಿಸಿ ನೋಡೋಣ. ಮಿತ್ರ ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಅಂಥ ಕಾಗದ ಸಿಕ್ಕರೆ ಉರ್ದು ಬಲ್ಲ ನಿಮ್ಮ ಶಿಕ್ಷಕರ ಬಳಿ ತನ್ನಿ. ಪಕ್ಕದಲ್ಲಿ ಕುಳಿತು, ಅವರು ಓದಿ ಹೇಳಿದ್ದನ್ನು ಕನ್ನಡದಲ್ಲಿ ಬರೆದಿಡಿ. ಬರೆದವರು ಗಾಲಿಬರಲ್ಲದಿರಬಹುದು, ಆದರೆ ಅವರು ನಮ್ಮವರು.