ಫ್ಲಾರೆನ್ಸ್ ನೈಟಿಂಗೇಲಳೂ ಆಸ್ಪತ್ರೆಯ ನಿರ್ಮಲತೆಯೂ

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮ್ಮ ವಿದ್ಯಾರ್ಥಿನಿಯರ ಮನಸ್ಸಿಗೆ ತೋರುವುದು ದೀಪವನ್ನು ಹಿಡಿದು ರೋಗಿಗಳ ಮಧ್ಯೆ ಸಂಚರಿಸುವ ಮಹಿಳೆಯ ಚಿತ್ರ. ಆಸ್ಪತ್ರೆಯ ಚರಂಡಿಗೂ ಹೊಲಸಿಗೂ ಆಕೆಯು ಕೊಟ್ಟ ಗಮನವನ್ನು ಅರಿತವರು ವಿರಳ. ಅದನ್ನೇ ಕುರಿತು ಇಲ್ಲಿ ಬರೆಯಲಿಚ್ಛಿಸಿದ್ದೇನೆ.

ಈಕೆಯು 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಿರಿವಂತ ಆಂಗ್ಲ ದಂಪತಿಗಳ ಮಗಳಾಗಿ ಜನಿಸಿದಳು. ದೇವರು ತನ್ನನ್ನು ಸೇವೆಗೆ ಕರೆದನೆಂಬ ನಂಬಿಕೆಯು 1837ರಲ್ಲಿ ಆಕೆಯಲ್ಲಿ ದೃಢವಾಯಿತು. ದಾದಿಯ ಕೆಲಸವು ಕುಲೀನ ಸ್ತ್ರೀಯರಿಗೆ ತಕ್ಕುದಲ್ಲವೆಂದು ಮನೆಯವರು ಬಹುಕಾಲ ತಡೆದರು. ಕಡೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಫ್ಲೀಡ್ನರ್ ಪಾದ್ರಿಯವರ ಕ್ರೈಸ್ತ ಸೇವಿಕೆಯರ ಸಂಸ್ಥೆಯಲ್ಲಿ ಶಿಕ್ಷಣ ಪಡೆದಳು.

ಕ್ರಿಮಿಯಾ ಯುದ್ಧಕಾಲದಲ್ಲಿ, 1854ರ ನವೆಂಬರಿನಲ್ಲಿ, 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಸೈನಿಕರ ಆಸ್ಪತ್ರೆಯನ್ನು ಸೇರಿದಳು. ಬಟ್ಟೆ, ಹಾಸಿಗೆ, ಪಥ್ಯದ ಆಹಾರ ಎಲ್ಲವನ್ನೂ ಒದಗಿಸಿದಳು. ಆದರೂ ಮರಣಗಳು ಹೆಚ್ಚುತ್ತಲೇ ಹೋದುವು. 1855ರ ಫೆಬ್ರವರಿಯಲ್ಲಿ ರೋಗಿಗಳಲ್ಲಿ ನೂರಕ್ಕೆ ಸುಮಾರು 42 ಮಂದಿ ಮೃತರಾದರು. ಗಾಯಗಳಿಗಿಂತ ಅತಿಸಾರ, ಜ್ವರಗಳಿಗೆ ಬಲಿಯಾದವರೇ ಅಧಿಕ. ಮಾರ್ಚಿ ತಿಂಗಳಲ್ಲಿ ಡಾಕ್ಟರ್ ಸದರ್ಲೆಂಡ್, ಇಂಜಿನಿಯರ್ ರಾಲಿನ್‌ಸನ್ ಮೊದಲಾದವರಿದ್ದ ಸರ್ಕಾರದ ಮಂಡಲಿಯು ಬಂದು ನೋಡಲು, ಕಟ್ಟಡದ ಕೆಳಗಿನ ಚರಂಡಿಗಳು ಹೊಲಸು ತುಂಬಿ ನಿಂತಿದ್ದುವು. ಕುಡಿಯುವ ನೀರು ಸತ್ತ ಕುದುರೆಯೊಂದರ ಕಳೇಬರವನ್ನು ಹಾದು ಬರುತ್ತಿತ್ತು! ತೊಣ್ಣೂರಿನ ಮೋತಿ ತಲಾಬಿನ ತಿಳಿನೀರನ್ನು ಕಂಡ ಹುಡುಗಿಯರಿಗೆ ಇದನ್ನು ಊಹಿಸುವುದೂ ಕಷ್ಟ. ಮಂಡಲಿಯವರು ಕಸವನ್ನು ಕೈಗಾಡಿಗಳಲ್ಲಿ ಸಾಗಿಸಿ, ಸತ್ತ ಪ್ರಾಣಿಗಳನ್ನು ಹೂಳಿಸಿ, ಚರಂಡಿಗಳನ್ನು ತೊಳೆಯಿಸಿ, ಗೋಡೆಗಳಿಗೆ ಸುಣ್ಣ ಬಳಿಯಿಸಿದರು. ಜೂನ್ ವೇಳೆಗೆ ಮರಣವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು.

1856ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ವಿಲಿಯಂ ಫಾರ್ ಎಂಬ ಲೆಕ್ಕತಜ್ಞನೊಡನೆ ಆಕೆಯು ಮರಣಗಳ ಅಂಕಿಗಳನ್ನು ಪರಿಶೀಲಿಸಿದಳು. ತಾನು ಹಗಲಿರುಳು ದುಡಿದ ಆಸ್ಪತ್ರೆಯ ಅಶುದ್ಧತೆಯೇ ಎಷ್ಟೋ ಯೋಧರ ಮರಣಕ್ಕೆ ಕಾರಣವಾಯಿತೆಂಬುದು ಆ ಅಂಕಿಗಳಿಂದ ತಿಳಿಯಿತು. ದೇಶವೆಲ್ಲ ಹೊಗಳುತ್ತಿದ್ದಾಗ ಆಕೆಯು ಇದನ್ನು ಮರೆಮಾಚಲಿಲ್ಲ. ಬಣ್ಣದ ಚಕ್ರಾಕಾರದ ನಕ್ಷೆಗಳನ್ನಾಗಿ ಮಾಡಿಸಿ 1858ರಲ್ಲಿ ಅಧಿಕಾರಿಗಳ ಮುಂದಿಟ್ಟಳು. ನನ್ನ ಮಟ್ಟಿಗೆ ಆಕೆಯ ಜೀವನದಲ್ಲಿ ಇದಕ್ಕಿಂತ ಧೈರ್ಯದ ಕಾರ್ಯವಿಲ್ಲ.

ಮರುವರ್ಷ ಪ್ರಕಟವಾದ ಶುಶ್ರೂಷೆಯ ಪುಸ್ತಕದಲ್ಲಿ, ರೋಗಿಯ ಮಲಮೂತ್ರದ ಪಾತ್ರೆಗೆ ಮುಚ್ಚಳವಿರಬೇಕೆಂದೂ, ಅದನ್ನು ನೇರವಾಗಿ ಹೊರಗೆ ಒಯ್ದು ಬರಿದುಮಾಡಿ ತೊಳೆದು ತರಬೇಕೆಂದೂ, ಎಲ್ಲವನ್ನೂ ಸುರಿದಿಡುವ ಬಕೀಟನ್ನು ಕೋಣೆಯೊಳಕ್ಕೆ ತರಲಾಗದೆಂದೂ ವಿಧಿಸಿದಳು. ದುರ್ವಾಸನೆಯೇ ರೋಗಕಾರಣವೆಂದು ನಂಬಿದ್ದ ಆಕೆಯು ರೋಗಾಣುಗಳ ಸಿದ್ಧಾಂತವನ್ನು ಬಹುಕಾಲ ಒಪ್ಪಲಿಲ್ಲ. ಕಾರಣ ತಪ್ಪಿದರೂ ಕಟ್ಟಳೆ ಸರಿಯಾಗಿತ್ತು. ನಮ್ಮ ದೇಶದಲ್ಲಿ ಆಸ್ಪತ್ರೆಯ ತ್ಯಾಜ್ಯಕ್ಕೆ 1998ರಲ್ಲಿಯೂ ಪುನಃ 2016ರಲ್ಲಿಯೂ ನಿಯಮಗಳಾದುವು. ರಕ್ತ ತಗುಲಿದ ಹತ್ತಿ, ಪಟ್ಟಿಗಳು ಹಳದಿಯ ಚೀಲಕ್ಕೆ; ಪ್ಲಾಸ್ಟಿಕ್ ನಳಿಗೆಗಳು ಕೆಂಪಿಗೆ; ಸೂಜಿ, ಅಲಗುಗಳು ತೂತಾಗದ ಬಿಳಿಯ ಡಬ್ಬಿಗೆ; ಗಾಜು ನೀಲಿಗೆ. ಸಂಸ್ಕರಿಸದೆ 48 ಗಂಟೆಗಳಿಗಿಂತ ಹೆಚ್ಚು ಕಾಲ ಇಡಲಾಗದು. ಸೂಜಿಯನ್ನು ಬೀದಿಯ ಕಸಕ್ಕೆ ಎಸೆದರೆ ಅದು ಚುಚ್ಚುವುದು ಕಸವನ್ನು ಆಯುವ ಬಡವಳ ಕೈಯನ್ನು.

ಶ್ರೀರಂಗಪಟ್ಟಣದ ಜ್ವರಗಳ ದೆಸೆಯಿಂದ 1809ರಲ್ಲಿ ಆಂಗ್ಲರ ದಂಡು ಬೆಂಗಳೂರಿಗೆ ಹೋದುದು ನಮ್ಮ ಸೀಮೆಯವರಿಗೆ ತಿಳಿದ ವಿಷಯ. ಇಂತಹ ದಂಡಿನ ಠಾಣ್ಯಗಳ ನೀರು, ಚರಂಡಿ, ಆಸ್ಪತ್ರೆಗಳ ಸ್ಥಿತಿಯನ್ನು ಕುರಿತು ಭಾರತದ ನಾನಾ ಕಡೆಗಳಿಂದ ಬಂದ ವರದಿಗಳನ್ನೆಲ್ಲ ಓದಿ, 1863ರಲ್ಲಿ ತನ್ನ ಅಭಿಪ್ರಾಯಗಳನ್ನು ಪ್ರಕಟಿಸಿದಳು. ಭಾರತವನ್ನು ಆಕೆಯು ಎಂದೂ ಕಣ್ಣಾರೆ ಕಾಣಲಿಲ್ಲ; ರೋಗಪೀಡಿತಳಾಗಿ ಬಹುಪಾಲು ಮನೆಯೊಳಗಿದ್ದೇ ಈ ಕೆಲಸವನ್ನು ಮಾಡಿದಳು. 1910ನೆಯ ಆಗಸ್ಟ್ 13ರಂದು ಲಂಡನ್ನಿನಲ್ಲಿ ದೈವಾಧೀನಳಾದಳು. ಈಸ್ಟ್ ವೆಲ್ಲೋ ಗ್ರಾಮದ ಸಮಾಧಿಯಲ್ಲಿ ಆಕೆಯ ಪೂರ್ಣ ಹೆಸರಿಲ್ಲ, ಎರಡು ಮೊದಲಕ್ಷರಗಳು ಮಾತ್ರ ಇವೆ.